ಹಳೇ ಎನ್ ರೌಟರ್ ಬದಲಿಗೆ ವೈಫೈ 6 ಹಾಕಿದರೆ 300 ಎಂಬಿಪಿಎಸ್ ಸಿಗುತ್ತಾ?

ಪ್ರಶ್ನೆ: ಫೈಬರ್ ಪ್ಲಾನ್ 300 ಎಂಬಿಪಿಎಸ್. ರೌಟರ್ 802.11ಎನ್ (ವೈಫೈ 4), 2.4 ಗಿಗಾಹರ್ಟ್ಸ್ ಮಾತ್ರ, ಡಬ್ಬದ ಮೇಲೂ 300 ಅಂತಲೇ ಇದೆ. ಎರಡು ಆಂಟೆನಾದ, ಎಸಿ (802.11ಎಸಿ, ಅಂದರೆ ವೈಫೈ 5) ಕಾರ್ಡಿನ ಲ್ಯಾಪ್‌ಟಾಪಿನಲ್ಲಿ 45 ದಾಟುತ್ತಿಲ್ಲ, ಕೇಬಲ್ ಚುಚ್ಚಿದರೆ 94. ನಾಲ್ಕು ಸ್ಮಾರ್ಟ್ ಪ್ಲಗ್ ಕೂಡ ಇವೆ. ವೈಫೈ 5 ಸಾಕಾ, 6 ಬೇಕಾ?

ಉತ್ತರ: ಮೊದಲು ಆ 94 ನೋಡಿ, ಅದರಲ್ಲಿ ವೈಫೈ ಪಾತ್ರವೇ ಇಲ್ಲ. 100 ಎಂಬಿಪಿಎಸ್ ಪೋರ್ಟಿನಲ್ಲಿ ಹೆಡರ್ (ಡೇಟಾ ಜೊತೆ ಹೋಗುವ ವಿಳಾಸದ ಮಾಹಿತಿ) ಕಳೆದು ಕೈಗೆ ಸಿಗುವುದೇ ಅಷ್ಟು. ಹೊಸ ರೌಟರಿನ ವ್ಯಾನ್ ಪೋರ್ಟ್ (ಇಂಟರ್ನೆಟ್ ಕೇಬಲ್ ಸೇರುವ ಜಾಗ) ಗಿಗಾಬಿಟ್ ಇರಲಿ. ಕೇಬಲಿನ ಎಂಟೂ ತಂತಿ ತುದಿಯ ಕನೆಕ್ಟರಿಗೆ ಸರಿಯಾಗಿ ಕ್ರಿಂಪ್ ಆಗಿರಬೇಕು; ನಾಲ್ಕೇ ಹಾಕಿದ್ದರೆ ಮತ್ತೆ 100ಕ್ಕೇ ನಿಲ್ಲುತ್ತೆ.

ಡಬ್ಬದ 300 ಎಂಬುದು 40 ಮೆಗಾಹರ್ಟ್ಸ್ ಅಗಲದ ಚಾನಲ್ಲಿನ ಲೆಕ್ಕ. ಅಕ್ಕಪಕ್ಕದ ರೌಟರುಗಳ ಗದ್ದಲದಲ್ಲಿ ಅದು 20ಕ್ಕೆ ಇಳಿದರೆ ಲಿಂಕ್ ದರ (ರೌಟರಿಗೂ ಲ್ಯಾಪ್‌ಟಾಪಿಗೂ ನಡುವಿನ ಕಾಗದದ ಮೇಲಿನ ವೇಗ) 144, ನಿಜವಾದ ವೇಗ ಅದರ ಅರ್ಧ, ಕೆಲವೊಮ್ಮೆ ಅದೂ ಇಲ್ಲ. 5 ಗಿಗಾಹರ್ಟ್ಸ್, 80 ಮೆಗಾಹರ್ಟ್ಸ್‌ನಲ್ಲಿ ನಿಮ್ಮ ಲ್ಯಾಪ್‌ಟಾಪಿಗೆ 867ರ ಲಿಂಕ್ ದರ ಸಿಗುತ್ತೆ. ವೈಫೈ 6 ರೌಟರ್ ತಂದರೂ ಅದೇ 867, ಯಾಕೆಂದರೆ ಲ್ಯಾಪ್‌ಟಾಪಿಗೆ ಬರುವ ಭಾಷೆ ಎಸಿ. ಒಂದೇ ಕೋಣೆಯಲ್ಲಿ 300ಕ್ಕೆ ಎರಡೂ ಸಾಕು.

ಇನ್ನೊಂದು ಉತ್ತರ: ಲೆಕ್ಕ ಸರಿ, ಆದರೂ ನಾನು 6ನ್ನೇ ಹೇಳುತ್ತೇನೆ. ಎಸಿ ಇರುವುದು 5 ಗಿಗಾಹರ್ಟ್ಸ್‌ಗೆ ಮಾತ್ರ; ವೈಫೈ 5 ರೌಟರಿನ 2.4 ಬ್ಯಾಂಡ್ ಇಂದಿಗೂ ಹಳೇ ಎನ್ನೇ. ಗೋಡೆ ದಾಟಿದ ಕೋಣೆಯಲ್ಲಿ ಫೋನ್ 2.4ಕ್ಕೆ ಜಾರಿದಾಗ ಈ ವ್ಯತ್ಯಾಸ ಗೊತ್ತಾಗುತ್ತೆ. ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಬಿಚ್ಚಿ ಬದಲಿಸಬಹುದಾದ ಎಂ.2 2230 ಗಾತ್ರದ್ದಾಗಿದ್ದರೆ ಇಂಟೆಲ್‌ನ ಎಎಕ್ಸ್210 ಕಾರ್ಡ್ ಹಾಕಿ, 80ರಲ್ಲಿ ಲಿಂಕ್ ದರ 1201 ಬರುತ್ತೆ. ಎಎಕ್ಸ್201 ತರಬೇಡಿ, ಅದು ಸಿಎನ್‌ವಿಐ (ವೈಫೈ ಕೆಲಸದ ಒಂದು ಭಾಗ ಇಂಟೆಲ್ ಚಿಪ್ಪಿನೊಳಗೇ ನಡೆಯುವ ವ್ಯವಸ್ಥೆ) ಇರುವ ಇಂಟೆಲ್ ಬೋರ್ಡಿಗೆ ಮಾತ್ರ. ಆಂಟೆನಾ ತಂತಿಯನ್ನು ಎಳೆಯದೆ ಉಗುರಿನಿಂದ ಮೇಲಕ್ಕೆತ್ತಿ ಬಿಡಿಸಿ.

ಮೂರನೇ ಉತ್ತರ: ರೌಟರ್ ಬದಲಿಸಿದ ದಿನವೇ ಸ್ಮಾರ್ಟ್ ಪ್ಲಗ್‌ಗಳು ಮುಷ್ಕರ ಹೂಡುತ್ತವೆ. ಹಳೇ ಹೆಸರು, ಹಳೇ ಪಾಸ್‌ವರ್ಡ್ ಹಾಗೇ ಇಡಿ. ವೈಫೈ ಭದ್ರತೆಗೆ ಹೊಸ ಡಬ್ಲ್ಯುಪಿಎ3 ಮಾತ್ರ ಇಟ್ಟರೆ ಅಂಥವು ಸಾಮಾನ್ಯವಾಗಿ ಸೇರುವುದಿಲ್ಲ; 2.4ಕ್ಕೆ ಡಬ್ಲ್ಯುಪಿಎ2, 20 ಮೆಗಾಹರ್ಟ್ಸ್, ಚಾನಲ್ 1, 6, 11ರಲ್ಲಿ ಖಾಲಿ ಇದ್ದದ್ದು. ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ಹೆಸರೇ ಕಾಣದಿದ್ದರೆ ಕಾರ್ಡಿನ ಡ್ರೈವರ್ ತಂತ್ರಾಂಶ ಹಳತಿರಬಹುದು. ರೌಟರಿನಲ್ಲಿ ಎಎಕ್ಸ್ (ವೈಫೈ 6) ಮೋಡ್ ಆಫ್ ಮಾಡಿ, ಡ್ರೈವರ್ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ.

ಪ್ರಶ್ನೆ ಕೇಳಿದವರು: 160 ಮೆಗಾಹರ್ಟ್ಸ್ ಇಡಬಹುದಾ?

ಮೂರನೇ ಉತ್ತರ: 300ರ ಪ್ಲಾನಿಗೆ ಅಗತ್ಯವಿಲ್ಲ. 160 ಅಂದರೆ ಸಾಮಾನ್ಯವಾಗಿ 36ರಿಂದ 64ರವರೆಗಿನ ಚಾನಲ್‌ಗಳು. 52ರಿಂದ ಮೇಲಿನ ಅರ್ಧ ರಡಾರ್ ಜೊತೆ ಹಂಚಿಕೊಂಡದ್ದು. ರೌಟರ್ ಆನ್ ಆದಾಗ ಒಂದು ನಿಮಿಷ ಸುಮ್ಮನೆ ಆಲಿಸುತ್ತೆ, ಆಮೇಲೆ ರಡಾರ್ ಕೇಳಿಸಿದರೆ ಚಾನಲ್ ಬಿಟ್ಟು ಓಡುತ್ತೆ. 80ರಲ್ಲಿ ಚಾನಲ್ 36 ಅಥವಾ 149 ಇಡಿ.