‘ದೈಹಿಕ ಚಟುವಟಿಕೆ’ ಎಂದು ಕೇಳಿದರೆ ಮಂಡ್ಯದ ರೋಗಿಗೆ ಏನು ಅರ್ಥವಾಗುತ್ತದೆ?

ಪ್ರಶ್ನೆ: ಸೊಂಟದ ಕೀಲು ಬದಲಿಸಿಕೊಂಡವರ ಓಡಾಟ ಅಳೆಯುವ ಏಳು ದಿನದ ಪ್ರಶ್ನಾವಳಿಯನ್ನು ಮಂಡ್ಯ ಕಡೆಯವರಿಗಾಗಿ ಕನ್ನಡಕ್ಕೆ ತರುತ್ತಿದ್ದೇವೆ. ‘ಫಿಸಿಕಲ್ ಆ್ಯಕ್ಟಿವಿಟಿ’ಗೆ ‘ದೈಹಿಕ ಚಟುವಟಿಕೆ’, ‘ಮಾಡರೇಟ್’ಗೆ ‘ಮಧ್ಯಮ ಶ್ರಮದ’ ಎಂದಿದ್ದೇವೆ. ಕೇಳಿದವರು ‘ಅಂಥದ್ದೇನೂ ಮಾಡಕಿಲ್ಲ’ ಎನ್ನುತ್ತಾರೆ. ಬೇರೆ ಮಾತಿದೆಯೆ?

ಉತ್ತರ: ವರದಿಯ ತಲೆಬರಹಕ್ಕೆ ‘ದೈಹಿಕ ಚಟುವಟಿಕೆ’ ಇರಲಿ. ರೋಗಿಯ ಕಿವಿಗೆ ಅದು ‘ವ್ಯಾಯಾಮ’ ಎಂದೇ ಬೀಳುತ್ತದೆ. ಕೊಟ್ಟಿಗೆ ಗುಡಿಸಿದ್ದು, ಡೈರಿಗೆ ಹಾಲು ಹಾಕಿ ಬಂದದ್ದು ಲೆಕ್ಕದಿಂದ ಬಿದ್ದುಹೋಗುತ್ತವೆ. 1985ರಲ್ಲಿ ಸಂಶೋಧಕ ಕ್ಯಾಸ್ಪರ್ಸನ್ ಮತ್ತು ಸಂಗಡಿಗರು ಕೊಟ್ಟ ವ್ಯಾಖ್ಯೆಯಂತೆ ಸ್ನಾಯುಗಳಿಂದಾಗಿ ಶಕ್ತಿ ಖರ್ಚಾಗುವ ಎಲ್ಲ ಚಲನೆಯೂ ಇದರಲ್ಲಿ ಸೇರಬೇಕು. ‘ಓಡಾಟ, ಮನೆಗೆಲಸ, ಹೊಲಗೆಲಸ’ ಎಂದು ಬಿಡಿಸಿ ಒಂದೊಂದಾಗಿ ಕೇಳಿ.

‘ಮಧ್ಯಮ ಶ್ರಮ’ವನ್ನು ‘ಸ್ವಲ್ಪ ಕಷ್ಟದ ಕೆಲಸ’ ಎಂದು ಮಾತ್ರ ತಿದ್ದಬೇಡಿ. ಈ ಆಪರೇಷನ್ ಆದವರಿಗೆ ಬಗ್ಗಿ ಚಪ್ಪಲಿ ಹಾಕುವುದೂ ಕಷ್ಟವೇ. ನೋವನ್ನು ಶ್ರಮವೆಂದು ಎಣಿಸಿದರೆ ಕೂತಲ್ಲೇ ಇರುವವರ ಅಂಕ ಏರಿಬಿಡುತ್ತದೆ. ಕೇಳಬೇಕಾದ್ದು ಉಸಿರಿನ ಬಗ್ಗೆ: ‘ಕೆಲಸ ಮಾಡ್ತಾ ಮಾತಾಡಬೌದು, ಪದ ಹಾಡಕ್ಕಾಗಲ್ಲ, ಅಷ್ಟು ಉಸಿರು ಹತ್ತುತ್ತಾ?’ ಮೆಟ್ ಎಂದರೆ ದೇಹ ಖರ್ಚು ಮಾಡುವ ಶಕ್ತಿಯ ಅಳತೆ; ಸುಮ್ಮನೆ ಕೂತದ್ದು 1 ಮೆಟ್ ಆದರೆ ಈ ಬಗೆಯ ಕೆಲಸ ಸುಮಾರು 3ರಿಂದ 6 ಮೆಟ್.

ಕ್ರಿಯಾಪದವನ್ನೂ ನೋಡಿಕೊಳ್ಳಿ. ‘ನಡೀತೀರಾ?’ ಎಂದರೆ ‘ನಡೆಯಲು ಆಗುತ್ತಾ?’ ಎಂಬ ಅರ್ಥವೂ ಬರುತ್ತದೆ, ‘ಹೂಂ’ ಎಂಬ ಉತ್ತರವೂ ಬರುತ್ತದೆ. ಆಗುವುದು ಬೇರೆ, ದಿನಾ ಮಾಡುವುದು ಬೇರೆ. ನಿಮಗೆ ಬೇಕಾದ್ದು ಎರಡನೆಯದು. ‘ಹೋದ ಏಳು ದಿನದಲ್ಲಿ ಎಷ್ಟು ದಿನ ನಡೆದ್ರಿ? ದಿನಕ್ಕೆ ಎಷ್ಟು ಹೊತ್ತು?’ ಎಂದು ಭೂತಕಾಲದಲ್ಲೇ ಇರಲಿ.

‘ಒಂದೇ ಸಮ 10 ನಿಮಿಷ’ ಎಂಬ ಷರತ್ತು ನಿಮ್ಮ ಮೂಲದಲ್ಲಿದ್ದರೆ, ವಾಕರ್ ಹಿಡಿದು ಜಗಲಿಗೂ ಬಚ್ಚಲಿಗೂ ಎರಡೆರಡು ನಿಮಿಷ ಓಡಾಡುವವರು ಸೊನ್ನೆಯಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಆ ಷರತ್ತು ಇಲ್ಲ. ಹಾಗೆಂದು ಮೂಲವನ್ನು ಬದಲಿಸಿದರೆ ಬೇರೆ ಊರಿನ ಅಂಕಗಳೊಡನೆ ಹೋಲಿಸಲಾಗದು. ಬಿಡಿ ಓಡಾಟಕ್ಕೆ ಪ್ರತ್ಯೇಕ ಪ್ರಶ್ನೆ ಇಡಿ, ಮೊತ್ತಕ್ಕೆ ಕೂಡಿಸಬೇಡಿ.

ಹೆಜ್ಜೆ ಎಣಿಸುವ ಸಾಧನವನ್ನೂ ಕೊಡುವುದಾದರೆ ಮಣಿಕಟ್ಟಿಗೆ ಬೇಡ. ವಾಕರ್ ಹಿಡಿದ ಕೈ ಬೀಸುವುದಿಲ್ಲ, ಹೆಜ್ಜೆ ತಪ್ಪಿಹೋಗುತ್ತವೆ. ತೊಡೆಯ ಮುಂಭಾಗಕ್ಕೆ ಅಂಟಿಸುವ ಸಾಧನ ತೊಡೆಯ ಓರೆ ನೋಡಿ ಕೂತದ್ದನ್ನೂ ನಿಂತದ್ದನ್ನೂ ಬೇರೆ ಮಾಡುತ್ತದೆ. ಆಪರೇಷನ್ ಆಗದ ಕಾಲಿಗೆ ಹಚ್ಚಿದರೆ ಗಾಯಕ್ಕೆ ತಗಲುವುದಿಲ್ಲ.