ಮೂರನೆಯ ವಿಷಯವಾಗಿ ಮ್ಯೂಸಿಕ್ ಟೆಕ್ನಾಲಜಿ: ಓದಿದವರು, ಓದಿಸಿದವರು ಹೇಳಿ

ರೆಡಿಂಗ್‌ನಿಂದ ಒಬ್ಬ ತಾಯಿ

ನಮಸ್ಕಾರ. ಮಗಳು ಈ ಬೇಸಿಗೆಯಲ್ಲಿ ಜಿಸಿಎಸ್‌ಇ (ಇಂಗ್ಲೆಂಡಿನ ಎಸ್ಸೆಸ್ಸೆಲ್ಸಿ ಎನ್ನಿ) ಬರೆಯುತ್ತಾಳೆ, ಸೆಪ್ಟೆಂಬರಿನಿಂದ ಸಿಕ್ಸ್ತ್ ಫಾರ್ಮ್, ಅಂದರೆ ನಮ್ಮ ಪಿಯುಸಿಯಂತೆ. ಅಲ್ಲಿ ಎರಡು ವರ್ಷ ಓದುವ ಎ ಲೆವೆಲ್‌ಗೆ ಗಣಿತ ಮತ್ತು ಭೌತಶಾಸ್ತ್ರ ಎಂಬುದರಲ್ಲಿ ಜಗಳವಿಲ್ಲ. ಮೂರನೆಯ ವಿಷಯಕ್ಕೆ ಮಾತ್ರ ಮನೆ ಎರಡು ಪಕ್ಷವಾಗಿದೆ. ಅವಳಿಗೆ ಮ್ಯೂಸಿಕ್ ಟೆಕ್ನಾಲಜಿ ಬೇಕು, ನಮ್ಮ ಯಜಮಾನರಿಗೆ ಕಂಪ್ಯೂಟರ್ ಸೈನ್ಸ್ ಬೇಕು. ಊರಿಗೆ ಫೋನ್ ಮಾಡಿ ಹೇಳಿದರೆ ಅಣ್ಣ, "ಏನು, ಮಗಳನ್ನು ಆರ್ಕೆಸ್ಟ್ರಾಗೆ ಸೇರಿಸುತ್ತೀಯಾ?" ಎಂದು ನಕ್ಕುಬಿಟ್ಟ.

ಅವಳು ಏಳು ವರ್ಷದಿಂದ ಕರ್ನಾಟಕ ಶೈಲಿಯ ಪಿಟೀಲು ಕಲಿಯುತ್ತಿದ್ದಾಳೆ. ಎರಡು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ತನ್ನದೇ ಪಿಟೀಲಿನ ಮೇಲೆ ಪಿಟೀಲು ಪೇರಿಸಿ ಏನೋ ಮಾಡುತ್ತಾಳೆ. ನನಗೆ ತಿಳಿಯುವುದಿಲ್ಲ, ಕೇಳಲು ಚೆನ್ನಾಗಿರುತ್ತದೆ. ಈ ವಿಷಯವನ್ನು ವಿಶ್ವವಿದ್ಯಾಲಯಗಳು ಹಗುರವಾಗಿ ಕಾಣುತ್ತವೆಯೇ? ಎರಡು ವರ್ಷ ನಿಜವಾಗಿ ಏನು ಮಾಡಿಸುತ್ತಾರೆ? ಮನೆಯಲ್ಲಿ ದುಬಾರಿ ಸಾಮಾನು ಕೊಳ್ಳಬೇಕೇ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಲೆಸ್ಟರ್‌ನಲ್ಲಿ ಇದೇ ವಿಷಯ ಓದಿ ಈಗ ವಿಶ್ವವಿದ್ಯಾಲಯದ ಎರಡನೆಯ ವರ್ಷದಲ್ಲಿರುವ ವಿದ್ಯಾರ್ಥಿ

ಆಂಟಿ, ನಾನು ಸೇರುವಾಗ ಹಾಡು ಮಾಡುವುದನ್ನು ಹೇಳಿಕೊಡುತ್ತಾರೆ ಎಂದುಕೊಂಡಿದ್ದೆ. ಮೊದಲ ಆರು ವಾರ ಕೇಬಲ್ ಸುತ್ತುವುದನ್ನು ಹೇಳಿಕೊಟ್ಟರು! ಉತ್ಪ್ರೇಕ್ಷೆ ಸ್ವಲ್ಪ ಇದೆ, ಹೆಚ್ಚು ಇಲ್ಲ.

ನಿಜವಾದ ಕಲಿಕೆ ರೆಕಾರ್ಡಿಂಗ್ ಭಾಗದಲ್ಲಿದೆ. ಪರೀಕ್ಷಾ ಮಂಡಳಿ ಕೊಡುವ ಪಟ್ಟಿಯಿಂದ ಒಂದು ಹಾಡು ಆರಿಸಿಕೊಂಡು, ನುಡಿಸುವವರನ್ನು ನಾವೇ ಹೊಂದಿಸಿ, ಕನಿಷ್ಠ ಐದು ವಾದ್ಯಗಳನ್ನು ಮೈಕಿನಿಂದ ಅಥವಾ ನೇರವಾಗಿ ಹಿಡಿದು, ಮೂರು ನಿಮಿಷದ ಆಸುಪಾಸಿನ ಮುದ್ರಣ ಮಾಡಿ ಕೊಡಬೇಕು. ಕೇಳಲು ಸುಲಭ. ನಮ್ಮ ಡ್ರಮ್ಸ್ ಹುಡುಗ ಹದಿನೇಳು ವರ್ಷದವನು, ಫುಟ್‌ಬಾಲ್ ಆಟಗಾರ, ಮಂಗಳವಾರ ಬರುತ್ತೇನೆ ಎಂದವನು ಶುಕ್ರವಾರವೂ ಬರಲಿಲ್ಲ. ನನ್ನ ಅಂಕಪಟ್ಟಿ ಅವನ ಮೊಣಕಾಲಿನ ಮೇಲೆ ನಿಂತಿತ್ತು.

ಕೊನೆಗೂ ಬಂದ. ಎಂಟು ಮೈಕು ಇಟ್ಟು ಒಂದು ಮಧ್ಯಾಹ್ನವೆಲ್ಲ ಮುದ್ರಿಸಿಕೊಂಡೆ. ಮನೆಗೆ ಬಂದು ಕೇಳಿದರೆ ಸ್ನೇರ್ ಡ್ರಮ್ಮಿನ ಸದ್ದು ರಟ್ಟಿನ ಡಬ್ಬ ತಟ್ಟಿದಂತಿದೆ. ಒಂದೊಂದೇ ಮೈಕು ಕೇಳಿದರೆ ಎಲ್ಲವೂ ಸರಿ, ಒಟ್ಟಿಗೆ ಸೇರಿಸಿದ ಕೂಡಲೇ ಸತ್ವ ಮಾಯ. ಎರಡು ದಿನ ಈಕ್ವಲೈಜರ್ (ತಗ್ಗು, ಎತ್ತರದ ಸದ್ದುಗಳನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ತಿರುವಿ ತಿರುವಿ ಕಿವಿ ಕೆಡಿಸಿಕೊಂಡೆ. ತಪ್ಪು ಅಲ್ಲಿರಲಿಲ್ಲ. ಡ್ರಮ್ಸ್‌ನ ಮೇಲ್ಗಡೆ ಎತ್ತರದಲ್ಲಿ ಇಟ್ಟ ಎರಡು ಮೈಕುಗಳಲ್ಲಿ ಒಂದು ಸ್ನೇರ್‌ಗೆ ಹತ್ತಿರ, ಇನ್ನೊಂದು ಅದಕ್ಕಿಂತ ಸುಮಾರು 17 ಸೆಂಟಿಮೀಟರ್ ಹೆಚ್ಚು ದೂರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಷ್ಟು ದೂರಕ್ಕೆ ಅರ್ಧ ಮಿಲಿಸೆಕೆಂಡ್ ತಡ. 1000 ಹರ್ಟ್ಸ್‌ನ ಅಲೆಗೆ ಅರ್ಧ ಮಿಲಿಸೆಕೆಂಡ್ ಎಂದರೆ ಸರಿಯಾಗಿ ಅರ್ಧ ಸುತ್ತು: ಒಂದು ಮೈಕಿನಲ್ಲಿ ಅಲೆ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ, ಕೂಡಿಸಿದರೆ ಒಂದನ್ನೊಂದು ನುಂಗಿಬಿಡುತ್ತವೆ. ಭೌತಶಾಸ್ತ್ರದ ತರಗತಿಯಲ್ಲಿ ವ್ಯತಿಕರಣದ ಲೆಕ್ಕ ಮಾಡಿ ಪೂರ್ಣ ಅಂಕ ತೆಗೆದಿದ್ದವನು ನಾನೇ. ಅದೇ ಲೆಕ್ಕ ಡ್ರಮ್ಸ್ ಮುಂದೆ ನಿಂತಾಗ ತಲೆಗೆ ಹೊಳೆಯಲಿಲ್ಲ. ಮುಂದಿನ ಸಲ ಒಂದು ಕೇಬಲ್ಲನ್ನೇ ದಾರದಂತೆ ಹಿಡಿದು, ಸ್ನೇರ್‌ನ ನಡುವಿನಿಂದ ಎರಡೂ ಮೈಕಿಗೆ ಅಳೆದು ಸಮ ಮಾಡಿದೆ. ಡ್ರಮ್ಸ್ ಹುಡುಗನನ್ನು ಮತ್ತೆ ಕರೆಸಲು ಎರಡು ಪಿಜ್ಜಾ ಖರ್ಚಾಯಿತು.

ಇನ್ನೊಂದು: ಹಾಡುವವರು ಧ್ವನಿಯ ಮಟ್ಟ ನೋಡುವಾಗ ಮೆಲ್ಲಗೆ ಹಾಡುತ್ತಾರೆ, ಮುದ್ರಣ ಶುರುವಾದ ಮೇಲೆ ಹುರುಪಿನಿಂದ ಕೂಗುತ್ತಾರೆ. ಡಿಜಿಟಲ್‌ನಲ್ಲಿ ಮಿತಿ ಮೀರಿ ಒಡೆದ ಧ್ವನಿಯನ್ನು ಸರಿಯಾಗಿ ರಿಪೇರಿ ಮಾಡಲಾಗುವುದಿಲ್ಲ. ಮೊದಲೇ ಮಟ್ಟ ತಗ್ಗಿಸಿ, ಮೇಲೆ ಜಾಗ ಬಿಟ್ಟುಕೊಂಡು ಮುದ್ರಿಸಬೇಕು. ಮುದ್ರಣದ ವಿವರಗಳ ಲಾಗ್‌ಬುಕ್ ಅನ್ನು ಅಂದಂದೇ ಬರೆಯಲು ಹೇಳಿ. ನಾನು ಮಾರ್ಚ್‌ನಲ್ಲಿ ಕುಳಿತು ನವೆಂಬರಿನ ಮೈಕುಗಳನ್ನು ನೆನಪಿಸಿಕೊಂಡು ಬರೆದೆ. ಆ ಪಾಡು ಬೇಡ.

ಮಿಲ್ಟನ್ ಕೀನ್ಸ್‌ನಿಂದ ಒಬ್ಬ ತಂದೆ

ಎಲ್ಲರೂ ಚೆನ್ನಾಗಿದೆ ಎನ್ನುವ ಮೊದಲು ನಮ್ಮ ಕಥೆಯನ್ನೂ ಕೇಳಿ. ಮಗ ಸೇರಿದ ಶಾಲೆಯಲ್ಲಿ ಈ ವಿಷಯಕ್ಕೆ ಇದ್ದವರು ಆರೇ ಮಕ್ಕಳು, ಒಬ್ಬರೇ ಶಿಕ್ಷಕರು. ಕ್ರಿಸ್ಮಸ್ ರಜೆಯಲ್ಲಿ ಅವರು ಬೇರೆ ಕೆಲಸ ಹಿಡಿದು ಹೋದರು. ನಂತರ ಬಂದವರು ಒಳ್ಳೆಯ ಪಿಯಾನೋ ವಾದಕರು, ಆದರೆ ಮಿಕ್ಸರ್ ಮುಂದೆ ಕೂರಲು ಹೆದರುತ್ತಿದ್ದರು. ಸ್ಟುಡಿಯೋ ಎಂದು ನಮಗೆ ತೋರಿಸಿದ್ದ ಕೋಣೆಯಲ್ಲಿ ಕುರ್ಚಿ ಪೇರಿಸಿಟ್ಟರು. ಮಗ ವರ್ಷದ ಕೊನೆಯಲ್ಲಿ ವಿಷಯ ಬದಲಿಸಿ ಒಂದು ವರ್ಷ ಹಿಂದೆ ಬಿದ್ದ. ವಿಷಯದ ತಪ್ಪಲ್ಲ. ಆದರೆ ಗಣಿತಕ್ಕೆ ಒಬ್ಬ ಶಿಕ್ಷಕರು ಹೋದರೆ ಇನ್ನೊಬ್ಬರು ಇರುತ್ತಾರೆ, ಇಲ್ಲಿ ಹಾಗಲ್ಲ. ಶಿಕ್ಷಕರು ಬಿಟ್ಟುಹೋದರೆ ಬೇರೆ ಯಾರಿದ್ದಾರೆ, ಸೇರಿಸುವ ಮೊದಲು ಈ ಒಂದನ್ನು ಕೇಳಿಯೇ ಕೇಳಿ.

ಉತ್ತರ ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್ ಕಾಲೇಜೊಂದರ ಶಿಕ್ಷಕಿ, ಮೂಲ ಮೈಸೂರು

ಮೇಲಿನವರ ಮಾತು ಕಹಿಯಾದರೂ ನಿಜ. ಹಾಗಾಗಿ ಮೊದಲು ಅದಕ್ಕೇ ಬರುತ್ತೇನೆ. ಕಾಲೇಜು ನೋಡಲು ಕರೆಯುವ ಓಪನ್ ಈವ್ನಿಂಗ್‌ಗೆ ಹೋದಾಗ ಉಪಕರಣಗಳ ಹೊಳಪನ್ನು ನೋಡಬೇಡಿ. ಮೂರು ಪ್ರಶ್ನೆ ಕೇಳಿ: ತರಗತಿಯ ಹೊರಗೆ ವಾರಕ್ಕೆ ಎಷ್ಟು ಗಂಟೆ ಸ್ಟುಡಿಯೋ ಸಿಗುತ್ತದೆ? ತಂತ್ರಜ್ಞರೊಬ್ಬರು ಇದ್ದಾರೆಯೇ? ಹೋದ ವರ್ಷದ ವಿದ್ಯಾರ್ಥಿಯ ಮುದ್ರಣವನ್ನು ಕೇಳಿಸುತ್ತೀರಾ? ಮೂರನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ.

ಇನ್ನು ವಿಷಯ. ಎ ಲೆವೆಲ್ ಮ್ಯೂಸಿಕ್ ಟೆಕ್ನಾಲಜಿಯನ್ನು ನಡೆಸುವುದು ಪಿಯರ್ಸನ್ ಎಡೆಕ್ಸೆಲ್ ಮಂಡಳಿ ಒಂದೇ. ಪಾಠಕ್ರಮ 2017ರಲ್ಲಿ ಶುರುವಾಗಿ 2019ರಲ್ಲಿ ಮೊದಲ ಪರೀಕ್ಷೆ ನಡೆಯಿತು. ರೆಕಾರ್ಡಿಂಗ್‌ಗೆ 20 ಶೇಕಡಾ, ತಂತ್ರಜ್ಞಾನ ಆಧಾರಿತ ಸಂಯೋಜನೆಗೆ 20. ಉಳಿದ 60 ಪರೀಕ್ಷೆಯ ಕೋಣೆಯಲ್ಲಿ: ಕೇಳಿ ವಿಶ್ಲೇಷಿಸುವುದಕ್ಕೆ 25, ಕಂಪ್ಯೂಟರ್ ಮುಂದೆ ಕುಳಿತು ಮಿಕ್ಸ್ ಮಾಡಿ ವಿಶ್ಲೇಷಿಸುವುದಕ್ಕೆ 35. ಈ ಕೊನೆಯದು ಎರಡೂಕಾಲು ಗಂಟೆ. ಕೊಟ್ಟ ಟ್ರ್ಯಾಕುಗಳಲ್ಲಿ ಬೇಕೆಂದೇ ಇಟ್ಟ ದೋಷಗಳನ್ನು ಹುಡುಕಿ ಸರಿಪಡಿಸಬೇಕು, ಕೊನೆಗೆ ಒಂದು ದೀರ್ಘ ಪ್ರಬಂಧವನ್ನೂ ಬರೆಯಬೇಕು. ಮನೆಯಲ್ಲಿ ಹಾಡು ಮಾಡಿ ಹಾಕುವ ಮಕ್ಕಳು ಎಡವುವುದು ಇಲ್ಲಿಯೇ. ಕೈ ಚುರುಕಾಗಿರುತ್ತದೆ, "ಈ ಧ್ವನಿಗೆ ಕಂಪ್ರೆಸರ್ (ಜೋರು ಮತ್ತು ಮೆಲ್ಲಗಿನ ಅಂತರ ಕುಗ್ಗಿಸುವ ಸಾಧನ) ಹಾಕಿದೆ" ಎನ್ನುತ್ತಾರೆ. ಏಕೆ ಹಾಕಿದೆ, ಅಟ್ಯಾಕ್ (ಅದು ಕೆಲಸ ಶುರು ಮಾಡುವ ವೇಗ) ಅನ್ನು ನಿಧಾನ ಮಾಡಿದ್ದರೆ ಏನಾಗುತ್ತಿತ್ತು ಎಂದರೆ ಬಾಯಿ ಕಟ್ಟುತ್ತದೆ. ಇತಿಹಾಸವೂ ಬೇಕು. ನಾಲ್ಕು ಟ್ರ್ಯಾಕಿನ ಟೇಪಿನಲ್ಲಿ ಕೆಲಸ ಮಾಡಿದವರು ಮಿಕ್ಸಿಂಗ್‌ನ ಎಷ್ಟೋ ನಿರ್ಧಾರಗಳನ್ನು ಮುದ್ರಿಸುವಾಗಲೇ ಏಕೆ ತೆಗೆದುಕೊಳ್ಳಬೇಕಿತ್ತು, ವಿದ್ಯುನ್ಮಾನ ವಾದ್ಯಗಳು, ಕಂಪ್ಯೂಟರುಗಳು ಪರಸ್ಪರ ಮಾತಾಡಲು 1983ರಲ್ಲಿ ಬಂದ ಮಿಡಿ ಏನನ್ನು ಬದಲಿಸಿತು, ಇಂಥವು.

ಗಣಿತ, ಭೌತಶಾಸ್ತ್ರದ ಜೊತೆ ಇದು ಬಹಳ ಒಳ್ಳೆಯ ಜೋಡಿ. ಡೆಸಿಬೆಲ್ ಎಂದರೆ ಲಾಗರಿದಮ್, ಧ್ವನಿಯನ್ನು ವಿದ್ಯುನ್ಮಾನವಾಗಿ ಸೃಷ್ಟಿಸುವ ಸಿಂಥೆಸಿಸ್ ಎಂದರೆ ಅಲೆಗಳು. 1997ರಲ್ಲಿ ಶ್ರುತಿ ಸರಿಪಡಿಸುವ ಆಟೋಟ್ಯೂನ್ ತಂತ್ರಾಂಶ ತಂದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ಮಾಡುತ್ತಿದ್ದುದು ನೆಲದಡಿಯ ತೈಲ ಹುಡುಕಲು ಕಂಪನಗಳನ್ನು ವಿಶ್ಲೇಷಿಸುವ ಕೆಲಸ. ನಿಮ್ಮ ಯಜಮಾನರಿಗೆ ಇದನ್ನು ಹೇಳಿ ನೋಡಿ.

ಹಗುರವೇ ಎಂದು ಕೇಳಿದ್ದೀರಿ. ಹಿಂದೆ ರಸೆಲ್ ಗುಂಪಿನ (ಸಂಶೋಧನೆಗೆ ಹೆಸರಾದ) ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಅನುಕೂಲವಾಗುವ ವಿಷಯಗಳದ್ದೊಂದು ಪಟ್ಟಿ ಇಟ್ಟಿದ್ದವು, ಅದನ್ನು 2019ರಲ್ಲಿ ಕೈಬಿಟ್ಟವು. ಆದರೂ ನಮ್ಮ ಜನರ ಬಾಯಲ್ಲಿ ಅದು ಇನ್ನೂ ಬದುಕಿದೆ. ವಿಶ್ವವಿದ್ಯಾಲಯಗಳ ಅರ್ಜಿ ನೋಡಿಕೊಳ್ಳುವ ಯುಸಿಎಎಸ್ ಲೆಕ್ಕದಲ್ಲಿ ಎ ದರ್ಜೆಗೆ 48 ಅಂಕ, ವಿಷಯ ಯಾವುದಾದರೂ ಅಷ್ಟೇ. ಆದರೆ ಕೆಲವು ಕೋರ್ಸುಗಳು ಇಂಥ ವಿಷಯವೇ ಬೇಕೆಂದು ಕೇಳುತ್ತವೆ, ಅದನ್ನು ಒಂದೊಂದಾಗಿ ನೋಡಬೇಕು. ಧ್ವನಿಮುದ್ರಣದಲ್ಲಿ ದೊಡ್ಡ ಹೆಸರಿನ ಸರ್ರೆ ವಿಶ್ವವಿದ್ಯಾಲಯದ ಟೋನ್‌ಮೈಸ್ಟರ್ ಕೋರ್ಸ್ 1970ರಿಂದ ನಡೆಯುತ್ತಿದೆ, ಒಂದು ವರ್ಷ ಉದ್ಯಮದಲ್ಲಿ ಕೆಲಸಕ್ಕೂ ಕಳಿಸುತ್ತದೆ. ಅಲ್ಲಿ ಗಣಿತ, ಭೌತಶಾಸ್ತ್ರಕ್ಕೂ ಬೆಲೆ, ಸ್ವರಲಿಪಿ ಓದುವುದಕ್ಕೂ ಬೆಲೆ. ಮ್ಯೂಸಿಕ್ ಟೆಕ್ನಾಲಜಿಯೊಂದೇ ಸಾಲದು. ಆ ದಾರಿ ಮನಸ್ಸಿನಲ್ಲಿದ್ದರೆ ಅವಳು ಪಾಶ್ಚಾತ್ಯ ಸಂಗೀತ ಸಿದ್ಧಾಂತದ ಗ್ರೇಡ್ ಪರೀಕ್ಷೆಗಳನ್ನು ಈಗಲೇ ಶುರು ಮಾಡಲಿ. ಸಂಗೀತವೇ ಬದುಕು ಎಂದು ಆಗಲೇ ನಿರ್ಧರಿಸಿದ ಮಕ್ಕಳಿಗೆ ಎ ಲೆವೆಲ್ ಬಿಟ್ಟು ಬೇರೆ ಡಿಪ್ಲೊಮಾಗಳೂ ಇವೆ. ನಿಮ್ಮ ಮಗಳ ವಿಷಯಗಳನ್ನು ನೋಡಿದರೆ ಅವುಗಳ ಚರ್ಚೆ ಇಲ್ಲಿ ಬೇಡ.

ರೆಡಿಂಗ್‌ನ ತಾಯಿ

ಎಲ್ಲರಿಗೂ ಧನ್ಯವಾದ. ಮೇಡಂ, ನಿಮ್ಮ ಉತ್ತರವನ್ನು ಮಗಳೇ ಎರಡು ಸಲ ಓದಿದಳು. ಅವಳದೊಂದು ಪ್ರಶ್ನೆ: ಕಲಿತ ಪಿಟೀಲು ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ, ಅಥವಾ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೇ?

ಲೆಸ್ಟರ್‌ನ ವಿದ್ಯಾರ್ಥಿ

ರೆಕಾರ್ಡಿಂಗ್ ಭಾಗದಲ್ಲಿ ಕಷ್ಟ, ಅಲ್ಲಿ ಅವರು ಕೊಟ್ಟ ಹಾಡು. ಸಂಯೋಜನೆಯಲ್ಲಿ ಮಾತ್ರ ಅವಳಿಗೆ ಹಬ್ಬ. ಅಲ್ಲಿ ಸಿಂಥೆಸಿಸ್ ಮತ್ತು ಸ್ಯಾಂಪ್ಲಿಂಗ್ (ಮುದ್ರಿಸಿದ ತುಣುಕನ್ನು ಹೊಸದಾಗಿ ಬಳಸುವುದು) ಬಳಸಲೇಬೇಕು. ನಾನು ಅಜ್ಜಿಯ ತಂಬೂರಿಯ ಒಂದೇ ಒಂದು ಮೀಟನ್ನು ಹಿಡಿದು, ಅದನ್ನು ಎಂಟು ಪಟ್ಟು ಎಳೆದು, ತಲೆಕೆಳಗು ಮಾಡಿ, ಮೂರು ನಿಮಿಷವನ್ನು ಅದರ ಮೇಲೆ ಕಟ್ಟಿದೆ. ಅಂಕ ಚೆನ್ನಾಗಿ ಬಂತು.

ಒಂದು ಎಚ್ಚರಿಕೆ. ಶ್ರುತಿ ಸರಿಪಡಿಸುವ ಪ್ಲಗಿನ್ನಿನ ಕೈಗೆ ಗಮಕವನ್ನು ಕೊಡಬೇಡ ಎಂದು ಹೇಳಿ. ನಾನು ತಮಾಷೆಗೆ ತೋಡಿಯ ಒಂದು ಸಾಲನ್ನು ಹಾಕಿ ನೋಡಿದೆ. ಅದಕ್ಕೆ ಸ್ವರ ಎಂದರೆ ಪಿಯಾನೋದ ಮನೆಗಳು. ಗಾಂಧಾರದ ಓಲಾಟವನ್ನೆಲ್ಲ ತಪ್ಪು ಎಂದು ತಿಳಿದು ಮೆಟ್ಟಿಲು ಮಾಡಿಬಿಟ್ಟಿತು. ತೋಡಿ ಹೋಗಿ ಕಾಲಿಂಗ್ ಬೆಲ್ ಆಯಿತು! ಕೀಬೋರ್ಡಿನಿಂದ ಗಮಕ ಮಾಡಲು ಹೊರಟರೂ ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಸಾಮಾನ್ಯವಾಗಿ ಎರಡು ಅರ್ಧಸ್ವರದಷ್ಟೇ ಬಾಗುತ್ತದೆ, ಸೆಟ್ಟಿಂಗ್ ಬದಲಿಸಿಕೊಳ್ಳಬೇಕು. ಆದರೆ ಇದರಲ್ಲಿ ಒಂದು ಲಾಭವೂ ಇದೆ. ಶ್ರುತಿಗೆ ಕಿವಿ ಕೊಟ್ಟು ಬೆಳೆದವರಿಗೆ ಇನ್ನೊಬ್ಬರ ಮುದ್ರಣದಲ್ಲಿ ಬೇಸ್ ಗಿಟಾರ್ ಕೂದಲೆಳೆಯಷ್ಟು ಇಳಿದಿದ್ದರೂ ಕೂಡಲೇ ಚುಚ್ಚುತ್ತದೆ. ನಮ್ಮ ತರಗತಿಯಲ್ಲಿ ಅದನ್ನು ಮೊದಲು ಹೇಳುತ್ತಿದ್ದವನು ನಾನು.

ಬರ್ಮಿಂಗ್‌ಹ್ಯಾಮ್‌ನ ಧ್ವನಿ ತಂತ್ರಜ್ಞ

ಸಾಮಾನಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅಕ್ಕ, ಈಗ ಇರುವ ಲ್ಯಾಪ್‌ಟಾಪ್ ಸಾಕು. ಕಾಲೇಜು ಯಾವ ತಂತ್ರಾಂಶ ಬಳಸುತ್ತದೆ ಎಂದು ತಿಳಿಯುವವರೆಗೆ ಒಂದು ಪೌಂಡನ್ನೂ ಖರ್ಚು ಮಾಡಬೇಡಿ. ಅವರು ಲಾಜಿಕ್ ಎಂದರೆ ಅದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ನಡೆಯುವುದಿಲ್ಲ, ಮ್ಯಾಕ್‌ನಂಥ ಆಪಲ್ ಸಾಧನವೇ ಬೇಕು. ಹಾಗೆಂದು ಓಡಿಹೋಗಿ ಮ್ಯಾಕ್ ಕೊಳ್ಳುವುದೂ ಬೇಡ, ಮೌಲ್ಯಮಾಪನದ ಕೆಲಸ ಕಾಲೇಜಿನ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್ ನೂರು, ನೂರೈವತ್ತು ಪೌಂಡಿಗೆ ಸಿಗುತ್ತದೆ. ಕಂಡೆನ್ಸರ್ ಮೈಕು ಹಾಕುವುದಾದರೆ 48 ವೋಲ್ಟ್ ಕೊಡುವಂಥದ್ದೇ ಇರಲಿ. ಹಣ ಹಾಕುವುದಿದ್ದರೆ ಕಿವಿ ಮುಚ್ಚುವ ಒಂದು ಒಳ್ಳೆಯ ಹೆಡ್‌ಫೋನ್‌ಗೆ ಹಾಕಿ.

ಪಿಟೀಲು ಮುದ್ರಿಸುವಾಗ ಮೈಕನ್ನು ವಾದ್ಯದ ಬಾಯಿಗೆ ಇಡಬೇಡ ಎನ್ನಿ, ಕಮಾನಿನ ಕಿರುಗುಟ್ಟುವ ಸದ್ದೇ ಬರುತ್ತದೆ. ಎರಡು ಮೂರು ಅಡಿ ಮೇಲಿಂದ ನೋಡಲಿ. ನಮ್ಮವರು ನೆಲದ ಮೇಲೆ ಕುಳಿತು ನುಡಿಸುತ್ತಾರೆ, ಇಲ್ಲಿನ ಪುಸ್ತಕಗಳಲ್ಲಿರುವ ಅಳತೆಯೆಲ್ಲ ನಿಂತು ನುಡಿಸುವವರದು. ಮರದ ನೆಲವಾದರೆ ಕೆಳಗೊಂದು ಕಂಬಳಿ ಹಾಸಿ.

ಕಿವಿಯ ಮಾತು ಬಂದಿದ್ದರಿಂದ ಹೇಳುತ್ತೇನೆ. ನಾನು ಈ ಕೆಲಸಕ್ಕೆ ಬಂದಿದ್ದು ಸಂಘದ ಯುಗಾದಿ ಕಾರ್ಯಕ್ರಮದ ಮೈಕ್ ಸೆಟ್ಟಿನಿಂದ. ಕೋಲಾಟದ ನಡುವೆ ಸ್ಪೀಕರ್ ಊಳಿಟ್ಟಾಗ ಇಡೀ ಸಭೆ ನನ್ನತ್ತ ತಿರುಗಿ ನೋಡಿದ್ದು ಇನ್ನೂ ನೆನಪಿದೆ. ಆಗ ಇಯರ್‌ಪ್ಲಗ್ ಹಾಕುವುದು ನಾಚಿಕೆ ಎಂದುಕೊಂಡಿದ್ದೆ. ಈಗ ಎಡಗಿವಿಯಲ್ಲಿ ಸದಾ ಒಂದು ಕೀರಲು ಸದ್ದು ಇದೆ. ಈ ದೇಶದ ಕಾನೂನಿನಲ್ಲಿ ದಿನದ ಸರಾಸರಿ 85 ಡೆಸಿಬೆಲ್ ಮುಟ್ಟಿದರೆ ಮಾಲೀಕರು ಕಿವಿಗೆ ರಕ್ಷಣೆ ಕೊಡಲೇಬೇಕು. ಹದಿನಾರರ ಹುಡುಗಿ ತನ್ನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಅಳೆಯುವವರು ಯಾರು? ಮಿಕ್ಸ್ ಮಾಡುವಾಗ ಸಣ್ಣ ಧ್ವನಿಯಲ್ಲಿ ಮಾಡುವ ಅಭ್ಯಾಸ ಈಗಲೇ ಬರಲಿ. ಸಣ್ಣದರಲ್ಲಿ ಚೆನ್ನಾಗಿ ಕೇಳಿಸಿದರೆ ದೊಡ್ಡದರಲ್ಲೂ ಕೇಳಿಸುತ್ತದೆ.

ರೆಡಿಂಗ್‌ನ ತಾಯಿ, ಮೂರು ವಾರದ ನಂತರ

ಎರಡು ಕಡೆ ಓಪನ್ ಈವ್ನಿಂಗ್‌ಗೆ ಹೋಗಿ ಬಂದೆವು. ಮೊದಲನೆಯದರಲ್ಲಿ ಹೊಸ ಕಟ್ಟಡ, ಗೋಡೆ ತುಂಬ ಪರದೆ. ಹೋದ ವರ್ಷದ ಮಕ್ಕಳ ಮುದ್ರಣ ಕೇಳಿಸುತ್ತೀರಾ ಎಂದಾಗ, "ಮಿಂಚಂಚೆಯಲ್ಲಿ ಕಳಿಸುತ್ತೇವೆ" ಎಂದರು. ಇನ್ನೂ ಬಂದಿಲ್ಲ. ಎರಡನೆಯದು ಹಳೆಯ ಕಟ್ಟಡ, ಕಾರ್ಪೆಟ್ಟಿಗೆ ಟೇಪು ಅಂಟಿಸಿದ್ದಾರೆ. ತಂತ್ರಜ್ಞರು ತಾವಾಗಿಯೇ ಒಂದು ಮುದ್ರಣ ಹಾಕಿ, "ಇದರಲ್ಲಿ ಏನು ತಪ್ಪಿದೆ ಹೇಳು" ಎಂದು ಮಗಳನ್ನು ಕೇಳಿದರು. ಅವಳು ಸ್ವಲ್ಪ ಹೊತ್ತು ಕೇಳಿ, ಹಿನ್ನೆಲೆಯಲ್ಲಿ ಹಾಡುವವರಲ್ಲಿ ಒಬ್ಬರ ಶ್ರುತಿ ಇಳಿದಿದೆ ಎಂದಳು. ಅವರು ತೋರಿಸಬೇಕೆಂದಿದ್ದ ತಪ್ಪು ಬೇರೆ ಯಾವುದೋ ಅಂತೆ, ಇದನ್ನು ಅವರೇ ಗಮನಿಸಿರಲಿಲ್ಲ. ಇಬ್ಬರೂ ಅರ್ಧ ಗಂಟೆ ಅಲ್ಲೇ ಕುಳಿತರು. ನಾವು ಹೊರಗೆ ಬಿಸ್ಕತ್ತು ತಿಂದೆವು.

ಯಜಮಾನರು ಆ 17 ಸೆಂಟಿಮೀಟರಿನ ಲೆಕ್ಕವನ್ನು ಲಕೋಟೆಯೊಂದರ ಹಿಂದೆ ಮಾಡಿ ನೋಡಿದರು. ಸರಿಯಾಗಿದೆ ಎಂದರು, ಬೇರೇನೂ ಹೇಳಲಿಲ್ಲ. ಅರ್ಜಿಯಲ್ಲಿ ಮೂರನೆಯ ವಿಷಯವನ್ನು ಮಗಳು ಬರೆದಿದ್ದಾಳೆ, ಕಂಪ್ಯೂಟರ್ ಸೈನ್ಸ್ ಅನ್ನು ಮೀಸಲು ಎಂದು ನಾಲ್ಕನೆಯ ಸಾಲಿಗೆ ಅವರು ಸೇರಿಸಿಸಿದ್ದಾರೆ.

ಬರ್ಮಿಂಗ್‌ಹ್ಯಾಮ್‌ನವರೇ, ಮಹಡಿಯ ಕೋಣೆಯಲ್ಲಿ ಮರದ ನೆಲವೇ ಇದೆ. ಕಂಬಳಿ ಊರಿನಿಂದ ತಂದ ಕರಿಯ ಕಂಬಳಿ ಆಗಬಹುದೇ, ಅಥವಾ ದಪ್ಪನೆಯದು ಬೇಕೇ?