ಕಡಲಹುಲ್ಲಿನ ಇಂಗಾಲವನ್ನು ಅಳೆಯುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ): ನಮ್ಮ ಸೊಪ್ಪಿನಬೆಟ್ಟದಲ್ಲಾದರೆ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ಟೇಪು ಹಿಡಿದು ಅಳೆದು ಇಂಗಾಲವನ್ನು ಅಂದಾಜಿಸುತ್ತಾರೆ. ಟೇಪು ಸುತ್ತಲು ಕಾಂಡವೇ ಕಾಣದ ಕಡಲಹುಲ್ಲಿನಲ್ಲಿ (ತೀರದ ಬಳಿ ನೀರಿನಡಿ ಬೆಳೆಯುವ ಹುಲ್ಲಿನಂಥ ಗಿಡ) ಏನನ್ನು ಅಳೆಯುತ್ತಾರೆ, ಅದರಿಂದ ಕರಾವಳಿಯ ರಕ್ಷಣೆಗೆ ಹಣ ಬರುವುದು ಹೇಗೆ?

ಉತ್ತರ (ಸಾಗರ): ಅಲ್ಲಿ ಇಂಗಾಲದ ಬಹುಪಾಲು ಇರುವುದು ಎಲೆಯಲ್ಲಲ್ಲ, ಬೇರಿನಡಿಯ ಕೆಸರಿನಲ್ಲಿ. ಸಾಧಾರಣವಾಗಿ 1 ಮೀಟರ್ ಆಳಕ್ಕೆ ಕೊಳವೆ ಇಳಿಸಿ, ಹೊರಬಂದ ಮಣ್ಣನ್ನು ಹೋಳು ಮಾಡಿ ಒಣಗಿಸಿ ತೂಗಿ, ಚಿಪ್ಪಿನ ಸುಣ್ಣದಲ್ಲಿರುವ ಇಂಗಾಲವನ್ನು ಆಮ್ಲದಿಂದ ಕಳೆದು, ಉಳಿದ ಸಾವಯವ ಇಂಗಾಲವನ್ನು ಲೆಕ್ಕಹಾಕುತ್ತಾರೆ. ಅದನ್ನು 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ ಪ್ರಮಾಣ ಸಿಗುತ್ತದೆ. ಕೊಳವೆ ಬಡಿಯುವಾಗ ಕೆಸರು ಕುಗ್ಗುತ್ತದೆ (ನಾಟಿಗದ್ದೆಯಲ್ಲಿ ಬಿದಿರಿನ ಅಂಡೆಯನ್ನು ಒತ್ತಿ ನೋಡಿ, ತಿಳಿಯುತ್ತದೆ). ಅದನ್ನು ಸರಿಪಡಿಸದಿದ್ದರೆ ಲೆಕ್ಕವೇ ತಪ್ಪು.

ಉತ್ತರ (ಹೊಸನಗರ): ಇಂಗಾಲದ ಮಾರುಕಟ್ಟೆಯಲ್ಲಿ (ಹೊಗೆ ಬಿಡುವ ಕಂಪನಿಗಳು ಅದಕ್ಕೆ ಬದಲಾಗಿ ಇಂಗಾಲ ಹಿಡಿದಿಡುವವರಿಗೆ ಹಣ ಕೊಡುವ ವ್ಯವಸ್ಥೆ) ಹಣ ಸಿಗುವುದು ಇರುವ ದಾಸ್ತಾನಿಗಲ್ಲ, ಯೋಜನೆಯಿಂದ ಹೆಚ್ಚಿದ ಅಥವಾ ನಾಶವಾಗದೆ ಉಳಿದ ಪ್ರಮಾಣಕ್ಕೆ ಮಾತ್ರ. ಆದ್ದರಿಂದ ಒಂದೇ ಸಲ ಅಳೆದರೆ ಸಾಲದು, ಮತ್ತೆ ಅಳೆದು ಹೋಲಿಸಬೇಕು.